ಎಂಬತ್ತು ಕಿಲೋ ಗೊಂಬೆ

ಅಲಾರಂ ಬಡಿದುಕೊಳ್ಳುವ ಮೊದಲೇ ಅದರ ಬಾಯಿ ಮುಚ್ಚುವುದು. ಕತ್ತಲಲ್ಲೇ ಚಪ್ಪಲಿ ಹುಡುಕಿಕೊಂಡು, ಇಪ್ಪತ್ತು ಲೀಟರಿನ ಎರಡು ಕ್ಯಾನು ಹಿಡಿದು ಮೂರು ಮಹಡಿ ಇಳಿಯುವುದು. ಅಂಗಳದ ನಲ್ಲಿಯಲ್ಲಿ ನೀರು ನಾಲ್ಕೂವರೆಯಿಂದ ಐದೂವರೆವರೆಗೆ ಮಾತ್ರ. ಮೋಟಾರು ಹಾಕಿದರೆ ಎರಡನೇ ಮಹಡಿಯವರೆಗೆ ಹತ್ತಿ ಅಲ್ಲಿಗೆ ಸುಸ್ತಾಗಿ ಕೂತುಬಿಡುತ್ತದೆ. ಹಾಗಾಗಿ ಮೂರು ಸಲ ಇಳಿದು, ಮೂರು ಸಲ ಹತ್ತುವುದು. ಒಲೆಯ ಒಂದು ಕಡೆ ಚಹಾ, ಇನ್ನೊಂದು ಕಡೆ ಸ್ನಾನದ ನೀರು ಇಡುವುದು. ಅತ್ತೆಯನ್ನು ಹಾಸಿಗೆಯಿಂದ ಎತ್ತಿ ಕಮೋಡಿನ ಕುರ್ಚಿಗೆ, ಅಲ್ಲಿಂದ ಸ್ನಾನದ ಸ್ಟೂಲಿಗೆ, ಸ್ಟೂಲಿನಿಂದ ಕಿಟಕಿ ಪಕ್ಕದ ಕುರ್ಚಿಗೆ ಸಾಗಿಸುವುದು. ಹಾಸಿಗೆಯ ಬಟ್ಟೆ ಬದಲಿಸುವುದು, ಹಳೆಯದನ್ನು ನೆನೆಹಾಕುವುದು. ಮೂರು ಡಬ್ಬಿ ಕಟ್ಟುವುದು. ಮಗಳಿಗೆ ಎರಡು ಜಡೆ, ತನ್ನ ಬೂಟಿಗೆ ಪಾಲಿಶು. ಗಂಡ ಹೊದಿಕೆಯ ಒಳಗಿಂದ "ಏನಾದ್ರೂ ಮಾಡ್ಬೇಕಿತ್ತೇನೇ?" ಎಂದು ಕೇಳಿದಾಗ "ಏನಿಲ್ಲ, ಮಲಗ್ರೀ" ಎನ್ನುವುದು. ಇದೂ ಒಂದು ಕೆಲಸವೇ. ದಿನಾ ತಪ್ಪದೆ ಮಾಡಬೇಕು.

ಇಷ್ಟಾದ ಮೇಲೆ ಅವಳು ಸಮವಸ್ತ್ರ ತೊಟ್ಟು, ಸೈನ್ಯದ ಉಗ್ರಾಣಕ್ಕೆ ಹೋಗಿ ಬೀಗ ತೆಗೆಯುತ್ತಿದ್ದಳು. ಕಂಬಳಿ, ಬೂಟು, ಗುಡಾರ, ಮದ್ದಿನ ಖಾಲಿ ಪೆಟ್ಟಿಗೆ ಎಲ್ಲವೂ ಅವಳ ಸೊಂಟದ ಬೀಗದಕೈ ಗೊಂಚಲಿನ ಅಧೀನ. ಹಾಗಾಗಿ ದಂಡಿನಲ್ಲಿ ಎಲ್ಲರ ಬಾಯಲ್ಲೂ ಅವಳು ಬೀಗದಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಲಾರಿ ಡ್ರೈವರ್ ಕೂಡ "ಅಕ್ಕಾ, ಸ್ವಲ್ಪ ಬೇಗ" ಎನ್ನುತ್ತಿದ್ದ. ಆತನನ್ನು ಎಲ್ಲರೂ ಲಾರಿ ಮಾವ ಎನ್ನುತ್ತಿದ್ದರು. ಮಾವನೊಬ್ಬ ಅಕ್ಕನಿಗೆ ತಮ್ಮನಾಗಲು ಸೈನ್ಯದಲ್ಲಿ ಮಾತ್ರ ಸಾಧ್ಯ.

ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವಳು ಭರ್ತಿಯ ಮೈದಾನದಲ್ಲಿ ಬರಿಗಾಲಿನಲ್ಲಿ ಓಡಿ, ಅರವತ್ತು ಹುಡುಗಿಯರಲ್ಲಿ ನಾಲ್ಕನೆಯವಳಾಗಿ ಗೆರೆ ಮುಟ್ಟಿದ್ದಳು. ಈಗ ಮೂವತ್ತೊಂಬತ್ತು. ವರ್ಷಕ್ಕೊಮ್ಮೆ ನಡೆಯುವ ಪರೀಕ್ಷೆ ಮಾತ್ರ ಆಗಿನದೇ: ಐದು ಕಿಲೋಮೀಟರ್ ಓಟ, ದಂಡ, ಮಲಗಿ ಏಳುವುದು. ಗೋಡೆಗೆ ಅಂಟಿಸಿದ ಕೋಷ್ಟಕದಲ್ಲಿ ವಯಸ್ಸಿಗೊಂದು ಸಾಲು, ಅದರಲ್ಲಿ ಹೆಂಗಸರಿಗೆ ಬೇರೆ ಸಾಲು, ಆ ಸಾಲಿನ ತಲೆಯ ಮೇಲೆ 'ರಿಯಾಯಿತಿ' ಎಂಬ ಪದ. ಹೆರಿಗೆಯಾದ ಮೇಲೆ ಕೈಕೊಟ್ಟ ಎಡ ಮಂಡಿ ಆ ರಿಯಾಯಿತಿಗೂ ಬಗ್ಗಲಿಲ್ಲ. ಎರಡು ವರ್ಷ ಸತತ ಅವಳ ಹೆಸರಿನ ಮುಂದೆ ಕೆಂಪು ಶಾಯಿ ಬಿತ್ತು. ಮೂರನೇ ಸಲವೂ ಬಿದ್ದರೆ ಸಮವಸ್ತ್ರ ಬಿಚ್ಚಿ, ಬೀಗದಕೈ ಒಪ್ಪಿಸಿ ಮನೆಗೆ ನಡೆಯಬೇಕು.

"ಬೆಳಿಗ್ಗೆ ಒಂದರ್ಧ ಗಂಟೆ ನಿಮಗೋಸ್ಕರ ಅಂತ ಇಟ್ಕೊಳ್ಳೀಮ್ಮಾ, ಓಡಿ," ಎಂದಿದ್ದರು ದಂಡಿನ ಡಾಕ್ಟರು, ಔಷಧಿ ಬರೆದುಕೊಟ್ಟಷ್ಟೇ ಸಲೀಸಾಗಿ. ಅವಳು ಮನೆಗೆ ಹೋಗಿ ತನ್ನ ಬೆಳಗನ್ನು ತಲೆಕೆಳಗು ಮಾಡಿ ಜಾಡಿಸಿ ನೋಡಿದಳು. ಅರ್ಧ ಗಂಟೆ ಎಲ್ಲೂ ಉದುರಲಿಲ್ಲ.

ಮೂರನೇ ವರ್ಷದ ಪರೀಕ್ಷೆಗೆ ಒಂದು ತಿಂಗಳಿರುವಾಗ ಹಳೆಯ ಕೋಷ್ಟಕವೇ ಗೋಡೆಯಿಂದ ಇಳಿಯಿತು. ಅದರ ಜಾಗಕ್ಕೆ ಹೊಸ ಹಾಳೆ ಬಂತು. ಓಟ ಇಲ್ಲ, ದಂಡ ಇಲ್ಲ. ಬೆನ್ನಿಗೆ ಹದಿನೈದು ಕಿಲೋ ಹೊರೆ ಹೊತ್ತು ಎರಡು ಗಂಟೆಯಲ್ಲಿ ಎಂಟು ಕಿಲೋಮೀಟರ್ ನಡಿಗೆ. ಇಪ್ಪತ್ತೈದು ಕಿಲೋ ಪೆಟ್ಟಿಗೆಯನ್ನು ಲಾರಿಯ ಎತ್ತರಕ್ಕೆ ಇಪ್ಪತ್ತು ಸಲ ಎತ್ತಿಡುವುದು. ಇಪ್ಪತ್ತು ಲೀಟರಿನ ಎರಡು ನೀರಿನ ಕ್ಯಾನು ಹಿಡಿದು ಇನ್ನೂರ ನಲವತ್ತು ಮೀಟರ್. ಕೊನೆಗೆ, ಗಾಯಾಳುವಿನ ಲೆಕ್ಕದಲ್ಲಿ ಮಾಡಿದ ಎಂಬತ್ತು ಕಿಲೋ ಮರಳಿನ ಗೊಂಬೆಯನ್ನು ನಲವತ್ತು ಸೆಕೆಂಡಿನಲ್ಲಿ ಇಪ್ಪತ್ತು ಮೀಟರ್ ದಾಟಿಸುವುದು. ಎಲ್ಲಕ್ಕಿಂತ ಕೆಳಗೆ ದಪ್ಪಕ್ಷರದ ಒಂದು ಸಾಲು: ವಯಸ್ಸು, ಲಿಂಗ ಯಾವುದಿದ್ದರೂ ಒಂದೇ ಅಳತೆ.

ಹಾಳೆಯ ಮುಂದೆ ಗುಂಪು ಕೂಡಿತು. ಪರೀಕ್ಷೆಯಲ್ಲಿ ಸೀಟಿ ಊದುವ ಸಾರ್ಜೆಂಟ್, ಎಲ್ಲರ ಬಾಯಲ್ಲಿ ಸೀಟಿ ಸಾರ್ಜೆಂಟ್, ಹಲ್ಲುಕಡ್ಡಿ ಕಚ್ಚಿಕೊಂಡು ಹೇಳಿದ: "ಸಮಾನತೆ ಬೇಕು ಬೇಕು ಅಂತಿದ್ರಲ್ಲ ಅಕ್ಕಾ, ಬಂತು ನೋಡಿ. ಎಂಬತ್ತು ಕಿಲೋ ತೂಕದ ಸಮಾನತೆ!"

"ಹೂಂ, ಹೊರೋದಕ್ಕಂತೂ ಎಲ್ಲಾ ಕಾಲದಲ್ಲೂ ನಮ್ಮನ್ನ ಕರೀತಾರೆ," ಎಂದಳು ಬೀಗದಕ್ಕ. ಗುಂಪು ನಕ್ಕಿತು. ಅವಳ ತೂಕ ಐವತ್ತನಾಲ್ಕು.

ವಾರದ ನಂತರ ಪೂರ್ವಭಾವಿ ಪರೀಕ್ಷೆ ನಡೆಯಿತು. ಅಂಕ ಲೆಕ್ಕಕ್ಕಿಲ್ಲ, ಬರೀ ಅಂದಾಜಿಗೆ. ನಡಿಗೆಯಲ್ಲಿ ಮಂಡಿ ಸುಮ್ಮನಿತ್ತು. ಅದಕ್ಕೆ ದ್ವೇಷವಿದ್ದದ್ದು ಓಟದ ಮೇಲೆ ಮಾತ್ರ. ಪೆಟ್ಟಿಗೆ ಎತ್ತುವುದು ಅವಳ ಹದಿನೇಳು ವರ್ಷದ ಕಸುಬು. ಕ್ಯಾನು ಹಿಡಿದಾಗ ಅವಳಿಗೇ ನಗು ಬಂತು. ಮೆಟ್ಟಿಲೇ ಇಲ್ಲದ ದಾರಿ! ಹಿಂದೆ ಬರುತ್ತಿದ್ದ ಎಳೆಯ ಸಿಪಾಯಿಗಳು ದಾಪುಗಾಲು ಹಾಕಿ, ಕ್ಯಾನು ತೊಡೆಗೆ ಬಡಿಸಿಕೊಂಡು ಎರಡೆರಡು ಸಲ ಕೆಳಗಿಟ್ಟರು. ಅವಳು ಗಿಡ್ಡ ಹೆಜ್ಜೆಯಲ್ಲಿ, ತೋಳು ಜೋತುಬಿಟ್ಟು, ಒಂದೇ ಉಸಿರಿನ ಹದದಲ್ಲಿ ನಡೆದು ಮುಗಿಸಿದಳು.

ಗೊಂಬೆಯ ಹತ್ತಿರ ಬಂದಾಗ ಸೀಟಿ ಸಾರ್ಜೆಂಟ್ ಮಾಡಿ ತೋರಿಸಿದ. ಗೊಂಬೆಯ ಹೆಗಲಿಗೆ ಎರಡು ಪಟ್ಟಿಯ ಹಿಡಿಗಳಿದ್ದವು. ಅವನ್ನು ಹಿಡಿದು, ಬಗ್ಗಿ, ಹಿಮ್ಮುಖವಾಗಿ ಎಳೆಯುತ್ತಾ ಹೋಗಬೇಕು. ಆರಡಿಯ ಸಾರ್ಜೆಂಟ್ ಎಳೆದ, ಗೊಂಬೆ ಹೋಯಿತು. ಅವಳೂ ಹಾಗೆಯೇ ಬಗ್ಗಿದಳು, ಹಾಗೆಯೇ ಎಳೆದಳು. ಮೊದಲ ಐದು ಮೀಟರ್ ಬಂತು. ಹತ್ತಕ್ಕೆ ಬೆನ್ನು ಕೂಗಿತು. ಹನ್ನೆರಡಕ್ಕೆ ಬೆರಳು ಬಿಟ್ಟುಹೋಗಿ ಅವಳು ಹಿಂದಕ್ಕೆ ಕೂತುಬಿಟ್ಟಳು. ಗೊಂಬೆ ಅವಳ ಕಾಲ ನಡುವೆ ಮಲಗಿ ಆಕಾಶ ನೋಡುತ್ತಿತ್ತು.

"ಹನ್ನೆರಡು," ಎಂದು ಬರೆದುಕೊಂಡರು ಪರೀಕ್ಷೆಯ ಉಸ್ತುವಾರಿಯ ಕ್ಯಾಪ್ಟನ್ ಮೇಡಂ. ವಯಸ್ಸಿನಲ್ಲಿ ಬೀಗದಕ್ಕನಿಗೆ ತಂಗಿಯಾಗಬಹುದಾಗಿದ್ದ, ಮಾತು ಕಡಿಮೆಯ ಹೆಂಗಸು. "ಮೂರು ವಾರ ಇದೆ. ಎಳೆಯೋದನ್ನ ಅಭ್ಯಾಸ ಮಾಡಿ."

ಗಂಡನಿಗೆ ಹೇಳಿದಾಗ ಅವನು ನಿಜವಾಗಿಯೂ ನೊಂದುಕೊಂಡ. ಅಂಚೆ ಕಚೇರಿಯ ಗುಮಾಸ್ತ. ಕೈ ಎತ್ತಿದವನಲ್ಲ, ದನಿ ಏರಿಸಿದವನಲ್ಲ. ಆದರೆ ಅವನಿಗೊಂದು ಸೊಂಟವಿತ್ತು. ಏಳು ವರ್ಷದ ಹಿಂದೆ ಒಂದು ಬೀರು ಸರಿಸುವಾಗ ಹಿಡಿದುಕೊಂಡ ಆ ಸೊಂಟಕ್ಕೆ ಮನೆಯಲ್ಲಿ ಹಿರಿಯರಿಗಿಂತ ಹೆಚ್ಚು ಮರ್ಯಾದೆ. ಕ್ಯಾನು ಎತ್ತುವಂತಿಲ್ಲ, ಹೆತ್ತ ತಾಯಿಯನ್ನು ಎತ್ತುವಂತಿಲ್ಲ. ಭಾನುವಾರ ಕ್ರಿಕೆಟ್ ಆಡುವಾಗ ಮಾತ್ರ ಅದು ಯಾಕೋ ಮರೆತುಹೋಗುತ್ತಿತ್ತು.

"ಹೋದ್ರೆ ಹೋಗ್ಲಿ ಬಿಡೇ," ಎಂದ ಅವನು, ಸಮಾಧಾನಕ್ಕೆ. "ಮನೇಲಿ ಆರಾಮಾಗಿ ಇರ್ಬಹುದು ನೀನು."

ಆರಾಮ! ಅವಳು ನೆನೆಹಾಕಿದ ಬಟ್ಟೆಯ ಬಕೆಟ್ಟಿನ ಕಡೆಗೆ ನಡೆದಳು.

ಆ ಮನೆಯಲ್ಲಿ ಎಲ್ಲವನ್ನೂ ನೋಡುತ್ತಿದ್ದವರು ಅತ್ತೆ. ನಾಲ್ಕು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಅವರ ಎಡಭಾಗ ಬಿದ್ದುಹೋಗಿತ್ತು. ನಾಲಿಗೆಗೆ ಏನೂ ಆಗಿರಲಿಲ್ಲ. ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಆಯಾ ಆಗಿದ್ದವರು ಅವರು. ತಾವು ಬಿದ್ದ ಮೊದಲ ವಾರವೇ, ತಮ್ಮನ್ನು ಎತ್ತಲು ಹೆಣಗುತ್ತಿದ್ದ ಸೊಸೆಗೆ ಹಾಸಿಗೆಯಿಂದಲೇ ಪಾಠ ಹೇಳಿದ್ದರು: "ತೋಳಿಂದ ಎತ್ಬೇಡ ಕಣೇ, ತೊಡೆಯಿಂದ ಎತ್ತು. ಜೀವ ಇರೋರಾಗ್ಲಿ ಇಲ್ದಿರೋರಾಗ್ಲಿ, ಎಲ್ಲಾ ಒಂದೇ ಲೆಕ್ಕ. ಅಪ್ಪಿಕೋ, ತೂಗು, ಆಮೇಲೆ ನಡಿ." ತಮ್ಮನ್ನು ತಾವೇ ಪಠ್ಯಪುಸ್ತಕ ಮಾಡಿಕೊಂಡು ಕಲಿಸಿದ ವಿದ್ಯೆ ಅದು.

ಪೂರ್ವಭಾವಿ ಪರೀಕ್ಷೆಯ ಮರುದಿನ ಬೆಳಿಗ್ಗೆ ಬೀಗದಕ್ಕನ ಮೈಯೆಲ್ಲ ನೋಯುತ್ತಿತ್ತು, ತಲೆಯೊಳಗೆ ಹನ್ನೆರಡು ಎಂಬ ಅಂಕಿ ಗುಂಯ್‌ಗುಟ್ಟುತ್ತಿತ್ತು. ಎಲ್ಲಾದರೂ ಅಭ್ಯಾಸ ಮಾಡಬೇಕಲ್ಲ ಎಂದುಕೊಂಡು, ಹಾಸಿಗೆಯ ಮೇಲಿದ್ದ ಅತ್ತೆಯ ಎರಡು ಹೆಗಲನ್ನು ಹಿಡಿದು, ಬಗ್ಗಿ, ಸಾರ್ಜೆಂಟ್ ತೋರಿಸಿದ ಹಾಗೆಯೇ ಎಳೆದಳು.

"ಅಯ್ಯಯ್ಯಯ್ಯೋ!" ಅತ್ತೆ ಕೂಗಿಕೊಂಡರು. "ಏನೇ ಇದು? ಏನು ನನ್ನ ಗೋಣಿಚೀಲ ಅಂದ್ಕೊಂಡ್ಯಾ?"

"ತಪ್ಪಾಯ್ತು ಅತ್ತೆ, ತಪ್ಪಾಯ್ತು."

"ತಪ್ಪಾಗಿದ್ದು ಗೊತ್ತು, ಯಾಕಾಯ್ತು ಅಂತ ಹೇಳು. ನಾಲ್ಕು ವರ್ಷದಿಂದ ಹೂವಿನ ಹಾಗೆ ಎತ್ತೋಳು ಇವತ್ತು ಯಾಕೆ ಕಸ ಎಳೆದ್ಹಾಗೆ ಎಳೀತಿದ್ದೀಯ?"

ಅವಳು ಹಾಸಿಗೆಯ ಅಂಚಿನಲ್ಲಿ ಕೂತು ಗೊಂಬೆಯ ಕತೆಯನ್ನೆಲ್ಲ ಹೇಳಿದಳು. ಹಿಡಿಗಳು, ಹಿಮ್ಮುಖ ನಡಿಗೆ, ಹನ್ನೆರಡು ಮೀಟರ್. ಅತ್ತೆ ಬಲಗೈಯಿಂದ ಹಣೆ ಚಚ್ಚಿಕೊಂಡರು.

"ಅಲ್ಲ ಕಣೇ, ಬಿದ್ದೋನನ್ನ ಸಾಗಿಸೋದು ಹೇಗೆ ಅಂತ ನಿಂಗೆ ಆ ಆರಡಿ ಆಸಾಮಿ ಹೇಳ್ಕೊಡ್ಬೇಕಾ? ದಿನಾ ಮೂರು ಸಲ ಮಾಡ್ತೀಯಲ್ಲ!"

"ಅದು ಮನೆ ಕೆಲಸ ಅತ್ತೆ. ಇದು ಪರೀಕ್ಷೆ."

ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ಕೇಳಿಸಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವವರನ್ನು ಜೀವಮಾನವೆಲ್ಲ ಬೈದವಳು ತಾನು. ಆ ಗಿಡವನ್ನು ತಾನೇ ತುಳಿದುಕೊಂಡು ಮೈದಾನಕ್ಕೆ ಹೋಗಿದ್ದಳು.

ಅತ್ತೆ ಹುಬ್ಬು ಹಾರಿಸಿದರು. "ನಾನೆಷ್ಟು ತೂಕ?"

"ಐವತ್ತೆಂಟು."

"ಇನ್ನೂ ಇಪ್ಪತ್ತೆರಡು ಕಿಲೋ ಬೇಕಲ್ಲ. ಮೂರು ವಾರದಲ್ಲಿ ತಿಂದು ದಪ್ಪ ಆಗ್ಲಾ? ನಂದೇನೂ ಅಭ್ಯಂತರ ಇಲ್ಲ. ಡಾಕ್ಟರಿಗೆ ಮಾತ್ರ ನೀನು ಹೇಳ್ಬೇಕು."

ಇಬ್ಬರೂ ನಕ್ಕ ಸದ್ದಿಗೆ ಹೊದಿಕೆಯ ಒಳಗಿಂದ ಗಂಡ ಕೇಳಿದ: "ಏನಾದ್ರೂ ಮಾಡ್ಬೇಕಿತ್ತಾ?"

ಅತ್ತೆ ದಪ್ಪಗಾಗಬೇಕಾಗಲಿಲ್ಲ. ಮಾರನೆಯ ದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಬೀಗದಕ್ಕ ಉಗ್ರಾಣದ ಹಳೆಯ ಮಲಗುವ ಚೀಲವೊಂದಕ್ಕೆ ಮರಳು ತುಂಬಿ, ಕಂಬಳಿ ಸುತ್ತಿ, ಹಗ್ಗದಲ್ಲಿ ಬಿಗಿದು ಹೆಗಲು, ಸೊಂಟ ಮಾಡಿದಳು. ಸಾಮಾನು ತೂಗುವ ತಕ್ಕಡಿಯಲ್ಲಿ ಎಂಬತ್ತೆರಡು ಬಂತು. ಎರಡು ಕಿಲೋ ಹೆಚ್ಚಿರಲಿ ಎಂದು ಬಿಟ್ಟಳು. ಬೂಟಿನ ಕಪಾಟಿಗೂ ಗುಡಾರದ ಕಪಾಟಿಗೂ ನಡುವೆ ಸರಿಯಾಗಿ ಹತ್ತು ಮೀಟರ್ ಓಣಿ. ಹೋಗಿ ಬಂದರೆ ಇಪ್ಪತ್ತು.

ಅವಳು ಗೊಂಬೆಯ ತಲೆಯ ಹಿಂದೆ ಮಂಡಿಯೂರಿದಳು. ಬೆನ್ನನ್ನು ಎಬ್ಬಿಸಿ ತನ್ನ ಎದೆಗೆ ಒರಗಿಸಿಕೊಂಡಳು. ಕಂಕುಳ ಕೆಳಗಿಂದ ಎರಡೂ ತೋಳು ತೂರಿಸಿ, ಗೊಂಬೆಯ ಎದೆಯ ಮೇಲೆ ಒಂದು ಕೈಯಿಂದ ಇನ್ನೊಂದು ಮಣಿಕಟ್ಟನ್ನು ಹಿಡಿದಳು. ಬಲಗಾಲು ಊರಿ, ತೊಡೆಯಿಂದ ಎದ್ದಳು. ನೆಲಕ್ಕೆ ತಾಗಿದ್ದು ಈಗ ಗೊಂಬೆಯ ಹಿಮ್ಮಡಿ ಮಾತ್ರ. ಒಂದು ಸಲ ತೂಗಿದಳು, ಎರಡು ಸಲ ತೂಗಿದಳು, ಮೂರನೆಯ ಸಲ ತನ್ನ ಮೈಭಾರವನ್ನೇ ಹಿಂದಕ್ಕೆ ಬಿಟ್ಟಳು. ಬೀಳುವ ಮೈಯನ್ನು ಹಿಡಿಯಲು ಕಾಲು ಹಿಂದೆ ಹೋಯಿತು, ಕಾಲಿನ ಹಿಂದೆ ಗೊಂಬೆ ಬಂತು.

ಮೊದಲ ದಿನ ಒಂದು ನಿಮಿಷ ಹಿಡಿಯಿತು. ಒಂದು ಸಲ ಬೂಟಿನ ಕಪಾಟಿಗೆ ಬೆನ್ನು ಬಡಿದು, ನಲವತ್ತು ಜೊತೆ ಬೂಟು ಅವಳ ಮೇಲೆ ಸುರಿದವು. ಬಾಗಿಲಲ್ಲಿ ಕಾವಲು ನಿಂತಿದ್ದ ಲಾರಿ ಮಾವ ಒಳಗೆ ಇಣುಕಿ, "ಅಕ್ಕಾ, ಯಾರದ್ದು ಹೆಣ ಅದು? ಸೀಟಿ ಸಾರ್ಜೆಂಟಿಂದಾದ್ರೆ ನಾನೂ ಒಂದು ಕೈ ಹಾಕ್ತೀನಿ" ಎಂದ. ಎರಡನೇ ವಾರದಲ್ಲಿ ನಲವತ್ತೈದು ಸೆಕೆಂಡ್. ಸಂಜೆ ಮನೆಗೆ ಬಂದೊಡನೆ ಅತ್ತೆಯ ಮೊದಲ ಪ್ರಶ್ನೆ "ಎಷ್ಟು?" ಎಂಬುದೇ. "ತೂಗೋದು ಸಾಲ್ದು," ಎನ್ನುತ್ತಿದ್ದರು, "ಉಸಿರು ಬಿಡ್ತಾ ತೂಗು." ಮೂರನೇ ವಾರದ ಗುರುವಾರ ಅವಳು ಮೆಟ್ಟಿಲು ಹತ್ತುವಾಗಲೇ ಮೂವತ್ತೊಂಬತ್ತು ಎಂದು ಕೂಗಿಕೊಂಡು ಬಂದಳು. ಒಂದೇ ಒಂದು ಸೆಕೆಂಡಿನ ಅಂತರ. ಅತ್ತೆ ಬಲಗೈಯಿಂದ ತೊಡೆ ತಟ್ಟಿದರು.

ಪರೀಕ್ಷೆಯ ದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮೈದಾನ ಕಾದಿತ್ತು. ನಡಿಗೆ, ಪೆಟ್ಟಿಗೆ, ಕ್ಯಾನು ಮುಗಿಸಿ ಗೊಂಬೆಯ ಸಾಲಿನಲ್ಲಿ ನಿಂತಾಗ ಅವಳ ಮುಂದೆ ಹನ್ನೊಂದು ಜನ. ಅವರಲ್ಲಿ ಹಳೆಯ ಪರೀಕ್ಷೆಯ ಓಟದಲ್ಲಿ ಪ್ರತಿವರ್ಷ ಮೊದಲು ಬರುತ್ತಿದ್ದ ಜಿಂಕೆಯಂಥ ಸಿಪಾಯಿಯೂ ಇದ್ದ. ಅವನು ಹಿಡಿ ಹಿಡಿದು ಬಗ್ಗಿ ಎಳೆದ, ಹದಿನಾಲ್ಕರಲ್ಲಿ ಜಾರಿದ, ಎದ್ದ, ಹದಿನೇಳಕ್ಕೆ ಸೀಟಿ ಮೊಳಗಿತು. ಅವನು ಸೊಂಟ ಹಿಡಿದುಕೊಂಡು ಹೋಗುವುದನ್ನು ನೋಡಿ ಅವಳಿಗೆ ಮನೆಯ ಸೊಂಟದ ನೆನಪಾಯಿತು. ಹನ್ನೊಂದರಲ್ಲಿ ಐವರು ಮಾತ್ರ ಗೊಂಬೆಯನ್ನು ಗೆರೆ ದಾಟಿಸಿದರು.

ಅವಳ ಸರದಿ ಬಂತು. ಸಾರ್ಜೆಂಟ್ ಸೀಟಿ ಊದಿದ. ಅವಳು ಹಿಡಿಗಳನ್ನು ಮುಟ್ಟಲೇ ಇಲ್ಲ. ಗೊಂಬೆಯ ಹಿಂದೆ ಮಂಡಿಯೂರಿ, ಅದನ್ನು ಎಬ್ಬಿಸಿ, ಎದೆಗೆ ಅಪ್ಪಿಕೊಂಡಳು. ಯಾರೋ ಕಿಸಕ್ಕೆಂದು ನಕ್ಕರು. ಎದ್ದು ನಿಲ್ಲುವಷ್ಟರಲ್ಲಿ ಎಂಟು ಸೆಕೆಂಡ್ ಹೋಗಿತ್ತು. ತೂಗಿದಳು. ಉಸಿರು ಬಿಟ್ಟಳು. ಹಿಮ್ಮಡಿಗಳು ಮರಳಿನಲ್ಲಿ ಎರಡು ಗೆರೆ ಎಳೆಯತೊಡಗಿದವು.

ಏಳನೇ ಮೀಟರಿನಲ್ಲಿ ಸೀಟಿ ಮತ್ತೆ ಮೊಳಗಿತು. "ಏ, ಏ! ನಿಲ್ಸಿ! ಹಿಡಿ ಹಿಡ್ಕೊಂಡೇ ಎಳೀಬೇಕು! ಇದು ನಡೆಯಲ್ಲ!"

ನಿಂತರೆ ಮುಗಿಯಿತು, ನಿಂತ ಭಾರವನ್ನು ಮತ್ತೆ ತೂಗಿ ಹೊರಡಿಸಲು ಆ ನಲವತ್ತು ಸೆಕೆಂಡಿನಲ್ಲಿ ಜಾಗವಿರಲಿಲ್ಲ. ಇದು ಅವಳಿಗೆ ಗೊತ್ತಿತ್ತು. ಕಮೋಡಿನ ಕುರ್ಚಿಗೂ ಸ್ಟೂಲಿಗೂ ನಡುವೆ ಅತ್ತೆಯನ್ನು ಅಪ್ಪಿಕೊಂಡಿರುವಾಗ ಎಷ್ಟು ಸಲ ಬಾಗಿಲು ಬಡಿದಿಲ್ಲ, ಹಾಲು ಉಕ್ಕಿಲ್ಲ, ಮಗಳು ಕೂಗಿಲ್ಲ? ತೋಳಲ್ಲಿ ಮನುಷ್ಯರಿರುವಾಗ ಯಾವ ಕರೆಗೂ ನಿಲ್ಲಬಾರದು. ಅವಳು ನಿಲ್ಲಲಿಲ್ಲ. ಹತ್ತು. ಹದಿಮೂರು. ಎಡ ಮಂಡಿ ಒಮ್ಮೆ ನಡುಗಿತು, "ಆಮೇಲೆ ಮಾತಾಡೋಣ" ಎಂದುಕೊಂಡಳು. ಸೀಟಿ ಮೊಳಗುತ್ತಲೇ ಇತ್ತು. ಲಾರಿ ಮಾವ ಬೇಲಿಯ ಆಚೆಯಿಂದ "ಎಳೀ ಅಕ್ಕಾ!" ಎಂದು ಕೂಗುತ್ತಿದ್ದ. ಗೊಂಬೆಯ ಬೂಟು ಗೆರೆ ದಾಟಿದ ಕೂಡಲೇ ಅವಳು ಅದನ್ನು ಎತ್ತಿ ಬಿಸಾಡಲಿಲ್ಲ. ರೂಢಿಬಲದಿಂದ, ತಲೆಗೆ ಪೆಟ್ಟಾಗದ ಹಾಗೆ, ಮೆಲ್ಲಗೆ ಮಲಗಿಸಿದಳು.

"ಮೂವತ್ತಾರು ಸೆಕೆಂಡ್," ಎಂದರು ಕ್ಯಾಪ್ಟನ್ ಮೇಡಂ, ಗಡಿಯಾರ ನೋಡಿ.

"ಲೆಕ್ಕಕ್ಕಿಲ್ಲ ಮೇಡಂ," ಎಂದ ಸಾರ್ಜೆಂಟ್, ಉಸಿರಿಲ್ಲದೆ. "ವಿಧಾನ ತಪ್ಪು."

ಕ್ಯಾಪ್ಟನ್ ಹೊಸ ನಿಯಮದ ಪುಸ್ತಕ ತೆರೆದರು. ನಿಧಾನವಾಗಿ, ಎಲ್ಲರಿಗೂ ಕೇಳುವಂತೆ ಓದಿದರು: "ಗಾಯಾಳುವಿನ ಪ್ರತಿರೂಪವು ಸಂಪೂರ್ಣವಾಗಿ ಗೆರೆಯನ್ನು ದಾಟತಕ್ಕದ್ದು." ಪುಟ ತಿರುಗಿಸಿದರು, ಮತ್ತೆ ಹಿಂದಕ್ಕೆ ತಿರುಗಿಸಿದರು. "ಹಿಡಿ ಹಿಡೀಬೇಕು ಅಂತ ಎಲ್ಲಿದೆ ಸಾರ್ಜೆಂಟ್?"

ಸಾರ್ಜೆಂಟ್ ಪುಸ್ತಕದಲ್ಲಿ ಮೂಗು ತೂರಿಸಿ ಹುಡುಕಿದ. ಎಲ್ಲೂ ಇರಲಿಲ್ಲ. ಹಿಡಿಯಿದ್ದ ಮೇಲೆ ಹಿಡಿಯಲೇಬೇಕು ಎಂದು ಎಲ್ಲರೂ ತಾವೇ ಅಂದುಕೊಂಡಿದ್ದರು, ಅಷ್ಟೆ.

"ಅಲ್ಲದೆ ಇವರು ತಲೇನ ನೆಲಕ್ಕೆ ಬಿಟ್ಟಿಲ್ಲ," ಎಂದರು ಕ್ಯಾಪ್ಟನ್, ಮರಳಿನ ಮೇಲಿನ ಎರಡು ಗೆರೆಗಳನ್ನು ನೋಡುತ್ತಾ. "ನೀವು ಎಳೆದಿದ್ದ ಗಾಯಾಳು ಬದುಕಿರ್ತಿದ್ದ ಅನ್ನೋ ನಂಬಿಕೆ ನನಗಿಲ್ಲ." ಹೆಸರಿನ ಮುಂದೆ ಕಪ್ಪು ಶಾಯಿಯಲ್ಲಿ 'ತೇರ್ಗಡೆ' ಎಂದು ಬರೆದರು. ಆ ಸಾಲಿನ ತಲೆಯ ಮೇಲೆ ಈ ಸಲ ಯಾವ ಪದವೂ ಇರಲಿಲ್ಲ. "ಯಾರು ಕಲಿಸಿದ್ದು ನಿಮಗೆ?"

"ನಮ್ಮತ್ತೆ, ಮೇಡಂ."

"ಅವರೂ ಸೈನ್ಯದಲ್ಲಿದ್ರಾ?"

"ಇಲ್ಲ ಮೇಡಂ. ಗಂಡಸರ ವಾರ್ಡಿನಲ್ಲಿದ್ರು."

ಸಾಲಿನಲ್ಲಿ ಇನ್ನೂ ಮೂವತ್ತೆರಡು ಜನ ಉಳಿದಿದ್ದರು. ಮುಂದಿನವನು ಗೊಂಬೆಯ ಹಿಂದೆ ಮಂಡಿಯೂರಿದ. ಅದರ ಮುಂದಿನವನೂ. ಅವಳು ಬೇಲಿಗೆ ಒರಗಿ ನೀರು ಕುಡಿಯುತ್ತಾ ನೋಡಿದಳು: ಮೀಸೆ ಹೊತ್ತ ಸಿಪಾಯಿಗಳು ಒಬ್ಬೊಬ್ಬರಾಗಿ, ಕಂಕುಳಲ್ಲಿ ಕೈತೂರಿಸಿ, ಎದೆಗೆ ಒರಗಿಸಿಕೊಂಡು, ತನ್ನ ಅತ್ತೆಯನ್ನು ಸ್ನಾನಕ್ಕೆ ಕರೆದೊಯ್ಯುತ್ತಿದ್ದರು. "ಉಸಿರು ಬಿಡ್ರೋ," ಎಂದು ಅವಳು ಅಲ್ಲಿಂದಲೇ ಕೂಗಿದಳು. ಆ ಜಿಂಕೆ ಸಿಪಾಯಿ ಹತ್ತಿರ ಬಂದು, ತಲೆ ಕೆರೆದುಕೊಂಡು ಕೇಳಿದ: "ಅಕ್ಕಾ, ಮರುಪರೀಕ್ಷೆಗೆ ನಂಗೊಂಚೂರು ಹೇಳ್ಕೊಡ್ತೀರಾ?"

ಸಂಜೆ ನಾಲ್ಕಕ್ಕೆ ಕ್ಯಾಪ್ಟನ್ ಅವಳನ್ನು ಕಚೇರಿಗೆ ಕರೆಸಿದರು. ಮೇಜಿನ ಮೇಲೆ ಒಂದು ಅರ್ಜಿ ಇತ್ತು. ತರಬೇತಿ ಕೇಂದ್ರದಲ್ಲಿ ಹೊಸ ಪರೀಕ್ಷೆಗೆ ಬೋಧಕರನ್ನು ತಯಾರು ಮಾಡುತ್ತಿದ್ದಾರೆ. ಆರು ತಿಂಗಳು, ರೈಲಿನಲ್ಲಿ ಒಂದು ಹಗಲಿನ ದೂರ. ಮುಗಿಸಿ ಬಂದರೆ ಅವಳೂ ಸಾರ್ಜೆಂಟ್.

"ಮನೇಲಿ ಕೇಳಿ..." ಎಂದು ಅವಳ ಬಾಯಿ ತಾನಾಗಿಯೇ ಶುರು ಮಾಡಿತು. ಹದಿನೇಳು ವರ್ಷದಲ್ಲಿ ಈ ಕೋಣೆಯಲ್ಲಿ ಅವಳು ಅತಿ ಹೆಚ್ಚು ಸಲ ಹೇಳಿದ ವಾಕ್ಯ ಅದು. ಎರಡು ಬಡ್ತಿ, ಒಂದು ವರ್ಗ, ಒಂದು ವೈರ್‌ಲೆಸ್ ತರಬೇತಿ ಆ ವಾಕ್ಯದೊಳಗೆ ಹೋಗಿ ಹೊರಗೆ ಬಂದಿರಲಿಲ್ಲ.

"ಐದಕ್ಕೆ ಟಪಾಲು ಹೋಗುತ್ತೆ," ಎಂದು ಹೇಳಿ, ಪೆನ್ನು ಅಲ್ಲೇ ಬಿಟ್ಟು ಕ್ಯಾಪ್ಟನ್ ಮೈದಾನದ ಕಡೆಗೆ ಹೋದರು.

ಕೋಣೆಯಲ್ಲಿ ಅವಳೊಬ್ಬಳೇ ಉಳಿದಳು. ಫ್ಯಾನು ತಿರುಗುತ್ತಿತ್ತು. ಮೇಜಿನ ಮೇಲೆ ಫೋನೂ ಇತ್ತು. ಅಂಚೆ ಕಚೇರಿಯ ನಂಬರು ಬಾಯಿಪಾಠ. ಮಾಡಿದರೆ ಅವನು ಬೇಡ ಎನ್ನುವುದಿಲ್ಲ, ಅವನು ಅಂಥವನಲ್ಲ. "ನಿನ್ನಿಷ್ಟ ಕಣೇ, ಆದ್ರೆ ಅಮ್ಮನ್ನ ಯಾರು ಎತ್ತೋದು?" ಎನ್ನುತ್ತಾನೆ, ಅಷ್ಟೆ. ಆ ಪ್ರಶ್ನೆಗೆ ಈವರೆಗೆ ಅವಳ ಹತ್ತಿರ ಉತ್ತರವಿರಲಿಲ್ಲ. ಇವತ್ತು ಕಣ್ಣೆದುರೇ ಮೂವತ್ತೆರಡು ಗಂಡಸರು ಎತ್ತಿದ್ದನ್ನು ನೋಡಿದ್ದಳು. ಯಾರ ಸೊಂಟಕ್ಕೂ ಏನೂ ಆಗಿರಲಿಲ್ಲ.

ಅವಳು ಕುರ್ಚಿ ಎಳೆದು ಕೂತಳು. ಹೆಸರು ಬರೆದಳು, ಹುದ್ದೆ ಬರೆದಳು. 'ಹೊರಡಬಹುದಾದ ದಿನಾಂಕ' ಎಂಬಲ್ಲಿ ಪೆನ್ನು ನಿಂತಿತು. ಗೋಡೆಯ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಎಣಿಸಿದಳು. ಗಂಡನಿಗೆ ನೀರು ಹೊರಲು ಕಲಿಸುವುದಕ್ಕೆ ಎರಡು ದಿನ. ಗಿಡ್ಡ ಹೆಜ್ಜೆ ಕಲಿತರೆ ಸಾಕು. ಎತ್ತುವುದಕ್ಕೆ ಒಂದು ವಾರ. ಪಾಠ ಹೇಳುವುದಕ್ಕೆ ಅತ್ತೆಯೇ ಇದ್ದಾರೆ, ಮಗ ಎಂದು ರಿಯಾಯಿತಿ ಕೊಡುವವರಲ್ಲ. ಎರಡು ಜಡೆಗೆ ಒಂದು ದಿನ. ಹತ್ತು ದಿನ ಮುಗಿದ ಮಾರನೆಯ ದಿನ ಸೋಮವಾರ ಬಿದ್ದಿತ್ತು. ಆ ದಿನಾಂಕವನ್ನೇ ಬರೆದಳು. ಸಹಿ ಹಾಕಿದಳು. ಬಾಗಿಲ ಪಕ್ಕದ ಟಪಾಲು ಪೆಟ್ಟಿಗೆಯ ಹತ್ತಿರ ಹೋಗಿ, ಅರ್ಜಿಯನ್ನು ಒಳಗೆ ಬಿಟ್ಟು, ಅದು ತಳಕ್ಕೆ ಬಿದ್ದ ಸದ್ದು ಕೇಳುವವರೆಗೂ ನಿಂತಳು.